ಗುರಿಕಣ್ಣಿಲ್ಲದ ಬಂದೂಕು

ಹಾಲ್ಮ್ ಲೊಕೇಶನ್, ಮಿಷಿಗನ್
ಮೇ 9, 1994

ತೌನೊ,

ಗಣಿ ಮುಷ್ಕರದ ವರ್ಷ, ಮುಷ್ಕರ ಮುರಿದು ಕೆಲಸಕ್ಕೆ ಹೋದವರ ಬಗ್ಗೆ ನಾನು ಪತ್ರಿಕೆಗೆ ಒಂದು ಕಾಗದ ಬರೆದೆ. ಅದರಲ್ಲಿ ನಿನ್ನ ಹೆಸರಿತ್ತು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಬರೆದದ್ದು ಸುಳ್ಳಲ್ಲ, ಆದ್ದರಿಂದ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಏನೂ ಇಲ್ಲ. ಇದು ವ್ಯವಹಾರದ ಪತ್ರ.

ನನಗೊಂದು ಬಂದೂಕಿನ ನಳಿಗೆ ಬೇಕು. ನೀನು ಕೊರೆದ ನಳಿಗೆಗೆ ಸಮನಾದದ್ದು ವಿಸ್ಕಾನ್ಸಿನ್ನಿನಲ್ಲೇ ಇಲ್ಲ ಎಂದು ನಿನ್ನನ್ನು ಇಷ್ಟಪಡದವರೂ ಹೇಳುತ್ತಾರೆ. ಮುದುಕನಾದ ಮೇಲೆ ಮೊದಲ ಬಾರಿಗೆ ಒಂದು ರೈಫಲನ್ನು ನನ್ನ ಕೈಯಾರೆ ಜೋಡಿಸಬೇಕೆಂದಿದ್ದೇನೆ. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ದಿನಕ್ಕೆ ಸಿದ್ಧವಾಗಬೇಕು.

ಕೊಂಡುಕೊಳ್ಳಬಾರದೇ ಎಂದು ಕೇಳುತ್ತೀಯೆ. ಮಗಳು ಮಿರ್ನಾ ಈಸ್ಟರಿಗೆ ಮುಂಚೆ ಗಂಡನ ಟ್ರಕ್ಕಿನಲ್ಲಿ ಬಂದು ಮನೆಯಲ್ಲಿದ್ದ ಬಂದೂಕುಗಳನ್ನೆಲ್ಲ ಕಂಬಳಿಯಲ್ಲಿ ಸುತ್ತಿ ಒಯ್ದಳು. ನನಗೆ ಬಂದೂಕು ಮಾರಬೇಡವೆಂದು ಊರಿನ ಅಂಗಡಿಯವನಿಗೂ ಹೇಳಿ ಹೋಗಿದ್ದಾಳೆ. ಕಾರಣ ಇಷ್ಟೆ: ನಿನ್ನ ಅಕ್ಕ ಹಿಲ್ಯಾಗೆ ಎರಡು ವರ್ಷದಿಂದ ಮರೆವು. ಒಂದು ಬೆಳಿಗ್ಗೆ ನಾನು ಸೌದೆ ಹೊತ್ತು ಒಳಗೆ ಬಂದಾಗ ಬಂದೂಕು ಹಿಡಿದು ನಿಂತಿದ್ದಳು. ಗುಂಡು ತುಂಬಿರಲಿಲ್ಲ.

"ಅಪ್ಪಾ, ಜಗಳ ಬೇಡ. ಒಂದೋ ಬಂದೂಕು ಹೋಗ್ಬೇಕು, ಒಂದೋ ಅಮ್ಮ ಹೋಗ್ಬೇಕು" ಎಂದಳು ಮಿರ್ನಾ.

"ಅಮ್ಮನ್ನೇ ಕರ್ಕೊಂಡ್ ಹೋಗು ಅಂದಿದ್ರೆ ಕರ್ಕೊಂಡ್ ಹೋಗ್ತಿದ್ಯಾ?"

ಅವಳು ಕಂಬಳಿ ಕಟ್ಟಿದಳು. ಆಯುಧ ಇಟ್ಟುಕೊಳ್ಳುವ ಹಕ್ಕಿನ ಸಂವಿಧಾನ ತಿದ್ದುಪಡಿಯನ್ನು ಈ ಊರಿನ ಮೂರು ತಲೆಮಾರಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಅವಳೂ ನನ್ನ ತರಗತಿಯಲ್ಲೇ ಕೂತಿದ್ದವಳು.

ಆದರೆ ಮಗಳು ಒಂದನ್ನು ಬಿಟ್ಟು ಹೋದಳು. ನಮ್ಮಪ್ಪನ ಹಳೆಯ ರೈಫಲಿನ ಉಕ್ಕಿನ ಒಡಲು ಮತ್ತು ಗುಂಡನ್ನು ಒಳಕ್ಕೆ ತಳ್ಳುವ ಬೋಲ್ಟ್, ಜಿಡ್ಡು ಮೆತ್ತಿಕೊಂಡು ಒಂದು ಡಬ್ಬಿಯಲ್ಲಿ ಬಿದ್ದಿದ್ದವು. ಎತ್ತಿ ನೋಡಿ "ಇದ್ಯಾವ ಬಾಗ್ಲು ಚಿಲ್ಕ ಅಪ್ಪಾ?" ಎಂದು ನನ್ನ ಕೈಗೇ ಕೊಟ್ಟಳು. ಕಾನೂನಿನ ಕಣ್ಣಿಗೆ ಆ ಒಡಲೇ ಬಂದೂಕು. ಉಳಿದದ್ದು ಕೊಳವೆ, ಕಟ್ಟಿಗೆ. ಎಲ್ಲವನ್ನೂ ಹೊತ್ತೊಯ್ದು ಬಂದೂಕನ್ನು ಮನೆಯಲ್ಲೇ ಬಿಟ್ಟಳು.

ನಿನ್ನ ದರ ತಿಳಿಸು.

ಆರ್. ಪೆನ್‌ಹೇಲ್


ರೈಸ್ ಲೇಕ್, ವಿಸ್ಕಾನ್ಸಿನ್
ಜೂನ್ 2, 1994

ಭಾವ,

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ಅಕ್ಕ ಹೋಗಿಬಿಟ್ಟಳು ಎಂದುಕೊಂಡೆ. ಅಂಗಳದಲ್ಲೇ ನಿಂತು ಹರಿದು ಓದಿದೆ. ನನ್ನವಳು ಡೋರಿಸ್ ಒಳಗಿನಿಂದ "ಯಾರು ಹೋದ್ರು?" ಎಂದು ಕೂಗಿದಳು. "ಯಾರೂ ಹೋಗಿಲ್ಲ. ಭಾವನಿಗೆ ಕೊಳವೆ ಬೇಕಂತೆ" ಎಂದೆ. "ಇಷ್ಟು ವರ್ಷ ಆದ್ಮೇಲೆ ಕೊಳವೆನಾ? ಅವ್ರಿಗೇನು ನಲ್ಲಿ ರಿಪೇರಿನಾ?" ಎಂದು ನಕ್ಕಳು. ಆಮೇಲೆ ಪತ್ರ ಓದಿ ನಗು ನಿಲ್ಲಿಸಿದಳು.

ಮೊದಲು ಕೆಲಸದ ಮಾತು. ಸಂತೆಯ ಮೇಜಿನ ಮೇಲೆ ಹಳೆಯ ಸೈನ್ಯದ ನಳಿಗೆಗಳನ್ನು ಹರಡಿಕೊಂಡು ಕೂರುವವರ ಹತ್ತಿರ ಹೋಗಬೇಡ. ಹೊರಗೆ ಮಿರಿಮಿರಿ, ಒಳಗೆ ಇಲಿ ತಿಂದ ಹಾಗೆ. ಒಡಲು ಮತ್ತು ಬೋಲ್ಟ್ ಗಂಡಹೆಂಡಿರಿದ್ದ ಹಾಗೆ. ಒಂದರ ಸವೆತಕ್ಕೆ ಇನ್ನೊಂದು ಹೊಂದಿಕೊಂಡಿರುತ್ತದೆ. ಬೇರೆ ಕಡೆಯ ಬೋಲ್ಟ್ ತಂದು ತುರುಕಿದವನ ಮುಖಕ್ಕೇ ಅದು ಸಿಡಿಯುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನನಗೆ ಕಳಿಸು. ನನಗೆ ಲೈಸೆನ್ಸ್ ಇದೆ, ಅಂಚೆಯವರು ತಕರಾರು ಮಾಡುವುದಿಲ್ಲ. ನಳಿಗೆ ಕೂರಿಸುವುದು ನನ್ನ ಬೆಂಚಿನ ಮೇಲೆಯೇ ಆಗಬೇಕು. ಉಳಿದ ಜೋಡಣೆ ನಿನ್ನದು.

ದರದ ಮಾತು ಬೇಡ. ನೀನು ಕೊಟ್ಟರೆ ನಾನು ತೆಗೆದುಕೊಳ್ಳುವುದಿಲ್ಲ, ನಾನು ತೆಗೆದುಕೊಳ್ಳದಿದ್ದರೆ ನೀನು ಮತ್ತೆ ಪತ್ರಿಕೆಗೆ ಬರೆಯುತ್ತೀಯೆ.

ನಳಿಗೆಗೆ ಎರಡು ಪುಟ ಬರೆದಿದ್ದೀಯೆ. ಅಕ್ಕನಿಗೆ ಎರಡು ಸಾಲು. ಮರೆವು ಎಂದರೆ ಎಷ್ಟು ಮರೆವು?

ತೌನೊ


ಹಾಲ್ಮ್ ಲೊಕೇಶನ್
ಜುಲೈ 18, 1994

ತೌನೊ,

ಒಡಲು, ಬೋಲ್ಟ್ ಎರಡನ್ನೂ ಉಣ್ಣೆಯಲ್ಲಿ ಸುತ್ತಿ ಕಳಿಸಿದ್ದೇನೆ. ಅಂಚೆಯವನು ಮನೆಯವರೆಗೂ ಬಂದು ಒಯ್ದ. ನಾನು ಅಂಚೆ ಕಚೇರಿಗೆ ಹೋಗುವ ಸ್ಥಿತಿಯಲ್ಲಿಲ್ಲ. ಅಂಗಳದ ಅಂಚಿನ ಅಂಚೆಪೆಟ್ಟಿಗೆಯೇ ಈಗ ನನ್ನ ಗಡಿ. ಅಲ್ಲಿಗೆ ಹೋಗುವಾಗಲೂ ಹೊರಗಿನಿಂದ ಬಾಗಿಲಿಗೆ ಸರಪಳಿ ಹಾಕಿ, ಕೀಲಿಯನ್ನು ಕುತ್ತಿಗೆಗೆ ಕಟ್ಟಿಕೊಂಡು ಹೋಗುತ್ತೇನೆ. ಹಿಂತಿರುಗುವಷ್ಟರಲ್ಲಿ ಒಳಗಿನಿಂದ ಬಾಗಿಲ ಹಿಡಿ ಅಲ್ಲಾಡುತ್ತಿರುತ್ತದೆ. ನಿನ್ನ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಸಲಹೆ ಕೊಡಲು ಕೌಂಟಿ ಆಡಳಿತದಿಂದ ಒಬ್ಬ ಹೆಂಗಸು ಬಂದಿದ್ದಳು. ಕೈಯಲ್ಲೊಂದು ಬಣ್ಣದ ಹಾಳೆ.

"ನಿಮ್ಗೋಸ್ಕರ ಒಂಚೂರು ಸಮಯ ಮಾಡ್ಕೊಬೇಕು ಸಾರ್. ವಾಕಿಂಗ್ ಹೋಗಿ, ಫ್ರೆಂಡ್ಸ್ ಹತ್ರ ಮಾತಾಡಿ."

"ನಾನು ವಾಕಿಂಗ್ ಹೋದಾಗ ಇವ್ಳನ್ನ ಯಾರು ನೋಡ್ಕೋತಾರಮ್ಮಾ, ನಿನ್ನ ಹಾಳೆಯಾ?"

ಪಾಪ, ಅವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು. ತಲೆ ತಗ್ಗಿಸಿದಳು. ಕಂಪನಿ ಈ ನೆಲದಿಂದ ಒಂದು ಶತಮಾನ ತಾಮ್ರ ತೆಗೆಯಿತು. ಹೊರಟು ಹೋಗುವಾಗ ಆಸ್ಪತ್ರೆಯನ್ನು ಕೌಂಟಿಗೆ ಬಿಟ್ಟಿತು. ಕೌಂಟಿ ಹೋದ ವರ್ಷ ವೃದ್ಧರ ವಾರ್ಡು ಮುಚ್ಚಿತು. ಕಟ್ಟಡದ ಹಿತ್ತಾಳೆ ಹಿಡಿಗಳನ್ನು ಬಿಚ್ಚಿ ಮಾರುವಾಗ ನಾನು ಅಲ್ಲೇ ಇದ್ದೆ. ಸಭೆಯಲ್ಲಿ ಎದ್ದು ಮಾತಾಡಿದವನು ನಾನೊಬ್ಬನೇ. ವಾರ್ಡು ಮುಚ್ಚಲು ಕೈ ಎತ್ತಿದ ಪ್ರತಿಯೊಬ್ಬ ಸದಸ್ಯನ ಹೆಸರೂ ನನಗೆ ನೆನಪಿದೆ, ಸಾಯುವವರೆಗೂ ಇರುತ್ತದೆ. ಹಿಲ್ಯಾಗೆ ನನ್ನ ಹೆಸರೇ ನೆನಪಿಲ್ಲ. ಒಂದೇ ಮನೆಯಲ್ಲಿ ದೇವರು ನೆನಪನ್ನು ಹಂಚಿದ ರೀತಿ ನೋಡು.

ಇನ್ನು ಹೆಗಲಿಗೊತ್ತುವ ಬಂದೂಕಿನ ಮರ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದು ಬೇಡ, ಅಂಟಿಸಿದ ಪದರದ ಮರವೂ ಬೇಡ. ವಾಲ್‌ನಟ್ ಇರಲಿ, ಹಿಡಿಯುವ ಜಾಗದಲ್ಲಿ ಎಳೆ ನೇರವಾಗಿರಲಿ, ಇಲ್ಲದಿದ್ದರೆ ಅಲ್ಲೇ ಸೀಳುತ್ತದೆ. ಟ್ರಿಗರ್ ಒಳ್ಳೆಯದಿರಲಿ, ಹಗುರವಾಗಿರಲಿ. ನನ್ನ ಬೆರಳಿನ ಗಂಟುಗಳು ಊದಿಕೊಂಡಿವೆ.

ಕೊನೆಯ ಬಂದೂಕಿಗೆ ಅಗ್ಗದ ಭಾಗ ಹಾಕಬಾರದು.

ಆರ್. ಪೆನ್‌ಹೇಲ್


ರೈಸ್ ಲೇಕ್
ಆಗಸ್ಟ್ 30, 1994

ಭಾವ,

ಮೊದಲ ಬಂದೂಕು ಎಂದು ಶುರು ಮಾಡಿದವನು ಕೊನೆಯ ಬಂದೂಕು ಎಂದು ಮುಗಿಸಿದ್ದೀಯೆ. ನಡುವಿನವೆಲ್ಲ ಎಲ್ಲಿ ಹೋದವು?

ಒಡಲು ಬಂತು. ನಿಮ್ಮಪ್ಪ ಅದನ್ನು ಚೆನ್ನಾಗಿ ನೋಡಿಕೊಂಡಿದ್ದ. ಬೋಲ್ಟ್ ಅದರದೇ ಜೋಡಿ, ಅಳತೆ ಹಿಡಿದು ನೋಡಿದೆ. ನಳಿಗೆ ಕೊರೆದಾಯಿತು. ಮೊದಲನೆಯದರಲ್ಲಿ ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ಗೀರು ಕಂಡಿತು. ಕತ್ತರಿಸಿ ಬೇಲಿಯ ಗೂಟ ಮಾಡಿದೆ. ಎರಡನೆಯದು ಕನ್ನಡಿ. ಟ್ರಿಗರ್ ತರಿಸಿದ್ದೇನೆ, ಅಷ್ಟು ಹಗುರವಾದದ್ದನ್ನು ನಾನು ಯಾರಿಗೂ ಹಾಕುವುದಿಲ್ಲ, ಆದ್ದರಿಂದ ಸ್ವಲ್ಪ ಬಿಗಿ ಇಟ್ಟಿದ್ದೇನೆ.

ಮರಕ್ಕಾಗಿ ಕೊಟ್ಟಿಗೆಯ ಅಟ್ಟ ಹತ್ತಿದೆ. ಅಲ್ಲಿ ಹಲಗೆಗಳು ವರ್ಷಗಟ್ಟಲೆ ಒಣಗಿ ಕೂತಿವೆ. ಒಂದನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಕೊಟ್ಟಿತು. "ಅದನ್ನ ನಂ ತಮ್ಮನಿಗೆ ಕಪಾಟು ಮಾಡ್ಕೊಡ್ತೀನಿ ಅಂದಿದ್ರಿ" ಎಂದು ಡೋರಿಸ್ ಗೊಣಗಿದಳು. "ನಿನ್ ತಮ್ಮ ಇನ್ನೂ ಚಿಕ್ಕೋನು, ಕಾಯ್ತಾನೆ ಬಿಡು" ಎಂದೆ. ಅವನಿಗೆ ಅರವತ್ತು.

ನಳಿಗೆಗೆ ಬಣ್ಣ ಕಟ್ಟುವ ಮುಂಚೆ ಒಂದು ವಿಷಯ ತಿಳಿಯಬೇಕು. ಗುರಿ ನೋಡಲು ನಳಿಗೆಯ ಮೇಲೆ ಗುರಿಕಣ್ಣು ಯಾವುದು ಕೂರಿಸಲಿ? ಕಬ್ಬಿಣದ್ದೋ, ದುರ್ಬೀನೋ? ನೀನು ಬರೆದ ಪತ್ರಗಳಲ್ಲಿ ಆ ಮಾತೇ ಇಲ್ಲ. ಸಾಮಾನ್ಯವಾಗಿ ಜನ ನನ್ನ ಹತ್ತಿರ ಮೊದಲು ಕೇಳುವುದೇ ಅದನ್ನು.

ಅಕ್ಕನನ್ನು ನೋಡಲು ಬರಲೇ?

ತೌನೊ


ಹಾಲ್ಮ್ ಲೊಕೇಶನ್
ಸೆಪ್ಟೆಂಬರ್ 21, 1994

ತೌನೊ,

ಗುರಿಕಣ್ಣು ಬೇಡ. ತೂತು ಕೊರೆಯಬೇಡ, ನಳಿಗೆ ನುಣುಪಾಗಿಯೇ ಇರಲಿ. ನನ್ನ ಕಣ್ಣಿಗೆ ಈಗ ಅದರಿಂದ ಪ್ರಯೋಜನವಿಲ್ಲ.

ಬರುವುದು ಬೇಡ. ಹಿಲ್ಯಾ ಹೊಸಬರನ್ನು ಕಂಡರೆ ಹೆದರುತ್ತಾಳೆ. ನೀನು ಈಗ ಅವಳಿಗೆ ಹೊಸಬ. ನಾನೂ ಅಷ್ಟೆ.

ಅವಳಿಗೆ ಸಂಜೆಯಾದರೆ ಕಷ್ಟ. ಬೆಳಕು ಇಳಿಯುತ್ತಿದ್ದ ಹಾಗೆ ಏಪ್ರನ್ ಸರಿಮಾಡಿಕೊಂಡು ನನ್ನ ಮುಂದೆ ನಿಲ್ಲುತ್ತಾಳೆ. ನಿನ್ನೆಯೂ ಹಾಗೇ.

"ನೋಡಿ, ತಪ್ಪು ತಿಳ್ಕೋಬೇಡಿ. ನಮ್ಮನೆಯೋರು ಸ್ಕೂಲಿಂದ ಬರೋ ಹೊತ್ತಾಯ್ತು. ನೀವಿನ್ನು ಹೊರಡಿ."

"ಬರ್ಲಿ ಬಿಡಿ, ನಾನೂ ಒಂಚೂರು ಮಾತಾಡ್ಸ್ಕೊಂಡು ಹೋಗ್ತೀನಿ."

"ಅವ್ರಿಗೆ ಕೋಪ ಜಾಸ್ತಿ. ಯಾರ ಮೇಲಾದ್ರೂ ಸಿಟ್ಟು ಬಂದ್ರೆ ಪೇಪರ್‌ಗೆ ಬರ್ದುಬಿಡ್ತಾರೆ. ನನ್ ತಮ್ಮನ್ನೇ ಬಿಟ್ಟಿಲ್ಲ."

ಏಲಕ್ಕಿ ಬ್ರೆಡ್ಡಿನ ಎರಡು ಚೂರನ್ನು ಬಟ್ಟೆಯಲ್ಲಿ ಕಟ್ಟಿ, ದಾರಿಗೆ ಇರಲಿ ಎಂದು ನನ್ನ ಕೈಗಿಟ್ಟಳು. ನಾನು ಹಿಂಬಾಗಿಲಿನಿಂದ ಹೊರಗೆ ಹೋಗಿ, ಮುಂಬಾಗಿಲಿನ ಸರಪಳಿ ತೆಗೆದು ಒಳಗೆ ಬಂದೆ. ಮತ್ತೂ ಅದೇ ಮುದುಕನನ್ನು ಕಂಡು ಅತ್ತಳು. ಪ್ರತಿ ಸಂಜೆ ಹೊರಗೆ ಹೋಗಿ ಒಳಗೆ ಬರುವುದೇ ನನ್ನ ವಾಕಿಂಗ್. ಕೌಂಟಿಯವರಿಗೆ ತಿಳಿಸಬೇಕು.

ನಿಮ್ಮಮ್ಮ ಹೇಗೆ ಹೋದರು ಎಂಬುದು ನಿನಗೆ ನೆನಪಿರಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ಮಂಚದ ಕಂಬಿಗೆ ಕೈ ಕಟ್ಟಿದ್ದರು. ಅಂದು ಆ ವಾರ್ಡಿನ ಮೆಟ್ಟಿಲಿಳಿಯುವಾಗ ಹಿಲ್ಯಾ ನನ್ನ ತೋಳು ಹಿಡಿದು "ನನ್ನನ್ನ ಇಂಥಲ್ಲಿ ಹಾಕ್ಬೇಡಿ, ಅದಕ್ಕಿಂತ ಮುಂಚೆ ಏನಾದ್ರೂ ಮಾಡಿ" ಎಂದಿದ್ದಳು. ಆಗಲಿ ಎಂದಿದ್ದೆ. ಈಗ ಮಿರ್ನಾ ನೂರು ಮೈಲಿ ದೂರದ ಒಂದು ವೃದ್ಧರ ಆರೈಕೆ ಮನೆಯ ಕಾಯುವವರ ಸಾಲಿನಲ್ಲಿ ಹಿಲ್ಯಾಳ ಹೆಸರು ಬರೆಸಿದ್ದಾಳೆ. ನನ್ನನ್ನು ಕೇಳದೆ. ನವೆಂಬರಿನ ಕೊನೆಗೆ ಜಾಗ ಸಿಗಬಹುದಂತೆ.

ನಳಿಗೆ, ಮರ, ಟ್ರಿಗರ್ ಎಲ್ಲವೂ ಅದಕ್ಕಿಂತ ಮೊದಲೇ ನನ್ನ ಕೈ ಸೇರಬೇಕು. ತಡ ಮಾಡಬೇಡ.

ಆರ್. ಪೆನ್‌ಹೇಲ್


ರೈಸ್ ಲೇಕ್
ಅಕ್ಟೋಬರ್ 17, 1994

ಭಾವ,

ನಿನ್ನ ಪತ್ರ ಬಂದ ಮೇಲೆ ಬೆಂಚಿನ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ನಾನು ಓದಿದವನಲ್ಲ, ನಿನ್ನ ಹಾಗೆ ಬರೆಯಲಾರೆ. ನನಗೆ ಗೊತ್ತಿರುವುದು ಬಂದೂಕು. ನಲವತ್ತು ಹೆಜ್ಜೆ ದೂರದ ಜಿಂಕೆಗೂ ಗುರಿಕಣ್ಣು ಬೇಕು. ಕಣ್ಣು ಮಂಜಾದವರು ಇನ್ನೂ ದೊಡ್ಡದನ್ನು ಕೇಳುತ್ತಾರೆ. ಬೇಡ ಎಂದವರು ಯಾರೂ ಇಲ್ಲ. ಗುರಿಕಣ್ಣು ಬೇಡವಾಗುವುದು ಒಂದೇ ದೂರಕ್ಕೆ. ಆ ದೂರಕ್ಕೆ ನಳಿಗೆಯ ಒಳಗು ಕನ್ನಡಿಯಾಗಿರಬೇಕಾಗಿಯೂ ಇಲ್ಲ. ಆದರೂ ನೀನು ಎಲ್ಲವೂ ಉತ್ತಮವಾದದ್ದೇ ಬೇಕೆಂದೆ. ಅಕ್ಕನಿಗೆ ಅಗ್ಗದ್ದು ಬಳಸಬಾರದೆಂದಿರಬೇಕು. ಅದು ಹೊಳೆದಾಗ ಡೋರಿಸ್‌ಗೂ ಹೇಳದೆ ಕೊಟ್ಟಿಗೆಯಲ್ಲಿ ಕೂತುಬಿಟ್ಟೆ.

ನಾನು ಮುಷ್ಕರ ಮುರಿದು ಗಣಿಗೆ ಇಳಿದ ದಿನ ನೀನು ಬೇಲಿಯ ಹೊರಗಿದ್ದೆ. ಎಲ್ಲರೂ ಕಲ್ಲು ಎಸೆದರು. ನೀನು ಎಸೆಯಲಿಲ್ಲ. ನನ್ನ ಹೆಸರು ಹಿಡಿದು ಕರೆದು "ಯಾಕೋ ತೌನೊ?" ಎಂದು ಕೇಳಿದೆ. ಅಂದು ನಾನು ಉತ್ತರ ಕೊಡದೆ ತಲೆ ಬಗ್ಗಿಸಿ ನಡೆದೆ. ನೀನು ಹಾಗೆ ಮಾಡಬೇಡ. ನೇರವಾಗಿ ಕೇಳುತ್ತಿದ್ದೇನೆ, ಎಲ್ಲರ ಮುಂದೆ ಅಲ್ಲ.

ಈ ಬಂದೂಕು ಜಿಂಕೆಗೋ, ನಿಮ್ಮಿಬ್ಬರಿಗೋ?

ತೌನೊ


ಹಾಲ್ಮ್ ಲೊಕೇಶನ್
ಅಕ್ಟೋಬರ್ 24, 1994

ತೌನೊ,

ಎರಡನೆಯದು.

ರೋಲಂಡ್


ರೈಸ್ ಲೇಕ್
ನವೆಂಬರ್ 27, 1994

ಭಾವ,

ಮಿರ್ನಾ ನಿನ್ನನ್ನು ಸೇರಿಸಿದ ಮನೋರೋಗದ ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಕ್ಕನನ್ನು ಇಲ್ಲಿಗೆ ಕರೆತರಲು ಸಾಮಾನು ಕಟ್ಟುವಾಗ ನೀನು ನನ್ನ ಕಡೆ ನೋಡಲಿಲ್ಲ. ನಿನ್ನ ಪತ್ರವನ್ನು ಮಿರ್ನಾಳಿಗೆ ಫೋನಿನಲ್ಲಿ ಓದಿದವನು ನಾನೇ. ಸಿಟ್ಟಿದ್ದರೆ ನನ್ನ ಮೇಲಿರಲಿ. ಅವಳು "ಮಾವ, ನೀನು ಮೊದ್ಲು ಹೊರಡು. ನಾನೂ ಹೊರಟೆ" ಎಂದಳು.

ಅಕ್ಕ ಕಾರಿನಲ್ಲಿ ದಾರಿಯುದ್ದಕ್ಕೂ ನನ್ನನ್ನು ಅಪ್ಪ ಎಂದುಕೊಂಡಿದ್ದಳು. "ಅಪ್ಪಾ, ಕುದ್ರೆಗೆ ನೀರು ಕುಡ್ಸಿದ್ಯಾ?" ಎಂದು ಕೇಳಿದಳು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ "ಈಗ ಕುಡಿಸ್ತಿದೀನಮ್ಮಾ" ಎಂದೆ. ಬಂಕಿನವನು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದ.

ಮೊದಲ ವಾರ ಇಲ್ಲೂ ಬಾಗಿಲ ಹಿಡಿ ಅಲ್ಲಾಡಿಸಿದಳು. ಡೋರಿಸ್ ಸೋತುಹೋದಳು. ಒಂದು ಮಧ್ಯಾಹ್ನ ನಾನು ಕೊಟ್ಟಿಗೆಯಲ್ಲಿ ನಿನ್ನ ಬಂದೂಕಿನ ಮರವನ್ನು ಬೆಂಚಿನ ಮೇಲೆ ಬಿಟ್ಟು ಕಾಫಿ ತರಲು ಹೋಗಿದ್ದೆ. ಬಂದು ನೋಡಿದರೆ ಅಕ್ಕ ಮರಳುಕಾಗದ ಹಿಡಿದು ನಿಂತಿದ್ದಾಳೆ. ಎಳೆಯ ಗುಂಟ ಉದ್ದಕ್ಕೆ ಉಜ್ಜುತ್ತಿದ್ದಾಳೆ, ಅಡ್ಡ ಅಲ್ಲ. ಉಜ್ಜುವುದು, ಅಂಗೈ ಸವರಿ ನೋಡುವುದು, ಮತ್ತೆ ಉಜ್ಜುವುದು. ನಮ್ಮಪ್ಪ ಊರಿಗೆಲ್ಲ ಹಿಮದ ಜಾರುಹಲಗೆ ಮಾಡಿಕೊಡುತ್ತಿದ್ದನಲ್ಲ. ಹಲಗೆ ಉಜ್ಜುವ ಕೆಲಸ ಅವಳದಾಗಿತ್ತು. ನನಗೆ ಮರೆತೇ ಹೋಗಿತ್ತು.

"ಇಲ್ಲಿ ಇನ್ನೂ ಒರಟಿದೆ ಕಣಪ್ಪಾ. ಹಿಂಗೇ ಕೊಟ್ರೆ ಜನ ಬೈತಾರೆ" ಎಂದಳು.

"ಹಾಗಾದ್ರೆ ನೀನೇ ಮುಗಿಸಮ್ಮಾ" ಎಂದೆ.

ಈಗ ಬೆಳಿಗ್ಗೆ ಗಂಜಿ ಕುಡಿದ ಕೂಡಲೇ ಕೊಟ್ಟಿಗೆಗೆ ಹೊರಡುತ್ತಾಳೆ. ಕತ್ತಲಾಗುವ ಹೊತ್ತಿಗೆ ಕೈ ಸೋತು, ಊಟ ಮಾಡಿ ಮಲಗುತ್ತಾಳೆ. ಸಂಜೆಯ ಅಳು ಕಡಿಮೆಯಾಗಿದೆ, ನಿಂತಿಲ್ಲ. ಆದರೆ ಕೆಲಸ ಮುಗಿದದ್ದು ಕಂಡರೆ ಕಂಗಾಲಾಗುತ್ತಾಳೆ. ಆದ್ದರಿಂದ ಅವಳು ಒಳಗೆ ಹೋದ ಮೇಲೆ ನಾನು ಅರ ತೆಗೆದುಕೊಂಡು, ಅವಳು ನುಣುಪು ಮಾಡಿದ್ದನ್ನೆಲ್ಲ ಮತ್ತೆ ಒರಟು ಮಾಡಿಡುತ್ತೇನೆ. ಜೀವನದಲ್ಲಿ ಒಳ್ಳೆಯ ಮರವನ್ನು ಬೇಕೆಂದು ಕೆಡಿಸಿದವನಲ್ಲ ನಾನು. "ನೋಡೋರು ಹುಚ್ಚು ಅಂತಾರೆ" ಎನ್ನುತ್ತಾಳೆ ಡೋರಿಸ್. ಅರವನ್ನು ಬಟ್ಟೆಯಿಂದ ಒರೆಸಿಡುವವಳು ಅವಳೇ.

ಮಿರ್ನಾ ಆ ದೂರದ ಮನೆಯ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ವಸಂತದವರೆಗೆ ಇಲ್ಲಿರಲಿ, ಆಮೇಲೆ ನೋಡೋಣ ಎಂದಿದ್ದೇವೆ. ಒಡಲು, ಬೋಲ್ಟ್, ನಳಿಗೆ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಅವು ಅಲ್ಲಿಂದ ಹೊರಗೆ ಬರುವುದಿಲ್ಲ. ಮರವೂ ದಿನದಿನಕ್ಕೆ ತೆಳುವಾಗುತ್ತಿದೆ, ಇನ್ನು ಯಾವ ಬಂದೂಕಿಗೂ ಹೊಂದುವುದಿಲ್ಲ. ನಿನ್ನ ರೈಫಲ್ ಆಗಲಿಲ್ಲ ಭಾವ.

ತೌನೊ


ನಾಲ್ಕನೇ ಮಹಡಿ
ಡಿಸೆಂಬರ್ 11, 1994

ತೌನೊ,

ಇಲ್ಲಿ ಪೆನ್ನು ಕೊಡುವುದಿಲ್ಲ. ಇದು ಮೇಣದ ಬಳಪ, ಮಕ್ಕಳದು. ಬೆಲ್ಟು, ಬೂಟಿನ ದಾರ, ಕನ್ನಡಕದ ಸರ ಎಲ್ಲವನ್ನೂ ಬಂದ ದಿನವೇ ತೆಗೆದಿಟ್ಟರು. ಗಣಿಯ ಮಾಲೀಕರು ಕೂಡ ಮುಷ್ಕರದವರಿಗೆ ಬೂಟಿನ ದಾರ ಬಿಟ್ಟಿದ್ದರು ಎಂದು ಡಾಕ್ಟರಿಗೆ ಹೇಳಿದೆ. ಅವನು ಅದನ್ನೂ ಬರೆದುಕೊಂಡ. ನಾನು ಏನು ಹೇಳಿದರೂ ಅದು ಕಾಯಿಲೆಯ ಲಕ್ಷಣವಾಗುತ್ತದೆ. ವಾದ ಮಾಡುವವನಿಗೆ ಇದಕ್ಕಿಂತ ದೊಡ್ಡ ಸೆರೆ ಇನ್ನೊಂದಿಲ್ಲ.

ಬಾಗಿಲಿಗೆ ಹೊರಗಿನಿಂದ ಕೀಲಿ. ಕಾವಲಿನ ಹುಡುಗಿ ಅದನ್ನು ಕುತ್ತಿಗೆಗೆ ಕಟ್ಟಿಕೊಂಡಿರುತ್ತಾಳೆ. ಮೊದಲ ವಾರ ನಾನು ಎಷ್ಟು ಸಲ ಆ ಬಾಗಿಲ ಹಿಡಿ ಅಲ್ಲಾಡಿಸಿದೆನೋ ಲೆಕ್ಕವಿಲ್ಲ. ತೆರೆಯುವುದಿಲ್ಲ ಎಂದು ಗೊತ್ತಿದ್ದೂ ಅಲ್ಲಾಡಿಸುತ್ತಿದ್ದೆ. ಗೊತ್ತಿಲ್ಲದ ಹಿಲ್ಯಾ ಇಡೀ ಎರಡು ವರ್ಷ ಅಲ್ಲಾಡಿಸಿದಳು.

ಬೇಟೆ ಶುರುವಾದ ಬೆಳಿಗ್ಗೆ ಇಲ್ಲಿಯ ಕಿಟಕಿಯಿಂದ ಟ್ರಕ್ಕುಗಳ ಸಾಲು ಉತ್ತರಕ್ಕೆ ಹೋಗುವುದು ಕಂಡಿತು. ಕಿತ್ತಳೆ ಬಣ್ಣದ ಟೋಪಿಗಳು. ಪಕ್ಕದ ಮಂಚದ ಮುದುಕ, ಹಿಂದೆ ಮರ ಕಡಿಯುತ್ತಿದ್ದವನು, ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದ. "ನಿಂದ್ಯಾವ್ದು ರೈಫಲ್ಲು?" ಎಂದು ಕೇಳಿದ. "ನನ್ನದು ಇನ್ನೂ ಆಗಿಲ್ಲ" ಎಂದೆ. "ಆಗುತ್ತೆ ಬಿಡು ಮಾರಾಯಾ, ಮುಂದಿನ್ ವರ್ಷ" ಎಂದ. ಇಬ್ಬರೂ ಊಟದ ಗಾಡಿ ಬರುವವರೆಗೆ ಅಲ್ಲೇ ನಿಂತೆವು.

ಮಿರ್ನಾಳಿಗೆ ಪತ್ರ ಓದಿ ಹೇಳಿದ್ದಕ್ಕೆ ಸಿಟ್ಟಿದೆ. ಇಳಿಯಲು ಸಮಯ ಬೇಕು. ನನ್ನ ಸಿಟ್ಟು ಎಷ್ಟು ದಿನ ಬಾಳುತ್ತದೆ ಎಂಬುದು ನಿನಗೆ ತಿಳಿಯದ್ದಲ್ಲ.

ಕ್ರಿಸ್‌ಮಸ್ಸಿಗೆ ಬಿಡಬಹುದು ಎನ್ನುತ್ತಾರೆ. ಬಿಟ್ಟರೆ ಮಿರ್ನಾ ನನ್ನನ್ನು ನಿನ್ನ ಮನೆಗೆ ಕರೆದುಕೊಂಡು ಬರುತ್ತಾಳಂತೆ. ಬಂದರೆ ನಾನು ಯಾರೆಂದು ಹಿಲ್ಯಾಗೆ ಹೇಳಬೇಡ. ಬಂದೂಕಿನ ಮರ ಯಾರದೆಂದೂ ಹೇಳಬೇಡ. ಕೆಲಸದವನು ಬೇಕಿತ್ತು, ಬಂದಿದ್ದಾನೆ ಎನ್ನು. ಆ ಅರ ಹಿಡಿಯುವುದನ್ನು ನಾನು ಕಲಿಯುತ್ತೇನೆ. ನಿನಗೆ ಒಳ್ಳೆಯ ಮರ ಕೆಡಿಸುವ ಸಂಕಟ ತಪ್ಪುತ್ತದೆ.

ಅದು ಬೆರಳಿಗೆ ಬಾಗುವಷ್ಟು ತೆಳುವಾದರೆ ಅವಳು ನೋಡದಿದ್ದಾಗ ತೆಗೆದಿಡು. ಅಟ್ಟ ಹತ್ತಿ ಇನ್ನೊಂದು ಹಲಗೆ ಇಳಿಸು. ಡೋರಿಸ್‌ಳ ತಮ್ಮ ಕಾಯಲಿ. ಎಳೆ ನೇರವಾಗಿರುವುದನ್ನೇ ಆರಿಸು, ಗಂಟಿರಬಾರದು, ಚೆನ್ನಾಗಿ ಒಣಗಿರಬೇಕು. ಹೇಗಿದ್ದರೂ ಮರೆಯುತ್ತಾಳೆಂದು ಅಗ್ಗದ ಮರ ಕೊಟ್ಟು ಮೋಸ ಮಾಡಬೇಡ. ಅವಳ ಕೈಗೆ ಗೊತ್ತಾಗುತ್ತದೆ.

ನಿನ್ನ ಭಾವ
ರೋಲಂಡ್